ಓರೆಗೆರೆ ಬಂದ ದಾರಿ

ಹಾನಗಲ್ಲಿನ ತಾರಕೇಶ್ವರ ದೇವಾಲಯವನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಆ ಸೀಮೆಯ ಹಳೆಯ ದಾಖಲೆಯೊಂದರಲ್ಲಿ 1200 ಎಂಬ ವರ್ಷವಷ್ಟೇ ಉಳಿದು, ಅದರ ಹಿಂದಿನ ಪದ ಅಳಿಸಿಹೋಗಿದೆ ಎಂದುಕೊಳ್ಳಿ. ಅದು ಶಕವರ್ಷವಾದರೆ ಕ್ರಿ.ಶ. 1278. ಸವಣೂರು ನವಾಬರ ಕಾಲದ ಕಾಗದದ ಹಿಜರಿ ವರ್ಷವಾದರೆ 1785. ಅಂಕಿ ಒಂದೇ, ನಡುವಿನ ಅಂತರ ಐದು ನೂರು ವರ್ಷ! ಸಾಲದ್ದಕ್ಕೆ 1076ರಲ್ಲಿ ಆರನೆಯ ವಿಕ್ರಮಾದಿತ್ಯನು ತನ್ನ ಹೆಸರಿನ ಹೊಸ ಎಣಿಕೆಯನ್ನೇ ಆರಂಭಿಸಿದ. ಬರೆದವನ ಪದ್ಧತಿ ತಿಳಿಯದೆ ಬರಹವನ್ನು ಓದಲಾಗದು.

ಗಣಕಯಂತ್ರಕ್ಕೆ ನಾವು ಟೈಪು ಮಾಡುವ ಆಜ್ಞೆಗಳಲ್ಲೂ ಇದೇ ಪೇಚು ಇದೆ. ಶಿಗ್ಗಾಂವಿಯಲ್ಲಿ ವಿಂಡೋಸ್ ಕಲಿತ ನೀವು ಹಿರೇಕೆರೂರಿನ ಗೆಳೆಯನ ಲಿನಕ್ಸ್ ಯಂತ್ರದ ಮುಂದೆ ಕುಳಿತಿದ್ದೀರಿ ಎನ್ನೋಣ. ಕಡತಗಳ ಪಟ್ಟಿ ಪುಟಪುಟವಾಗಿ ಬರಲೆಂದು ವಿಂಡೋಸಿನಲ್ಲಿ ‘ಡಿಐಆರ್ /ಪಿ’ ಎಂದು ಹೊಡೆಯುತ್ತಿದ್ದಿರಿ. ಅಲ್ಲಿ ಓರೆಗೆರೆಯ ಮುಂದಿನ ‘ಪಿ’ ಒಂದು ಆಯ್ಕೆ. ಲಿನಕ್ಸಿನಲ್ಲಿ ‘ಎಲ್‌ಎಸ್ /ಪಿ’ ಎಂದಿರೋ, ಯಂತ್ರವು ಮೂಲಕೋಶದಲ್ಲಿ ‘ಪಿ’ ಎಂಬ ಹೆಸರಿನದನ್ನು ಹುಡುಕಲು ಹೊರಡುತ್ತದೆ.

ಈ ಭೇದ ಹುಟ್ಟಿದ್ದು ಹೇಗೆ? ಮಲ್ಟಿಕ್ಸ್ ಎಂಬ ಹಳೆಯ ವ್ಯವಸ್ಥೆಯಲ್ಲಿ ಆಯ್ಕೆಯ ಮುಂದೆ ಅಡ್ಡಗೆರೆ ಇಡುತ್ತಿದ್ದರು. ಅದರಲ್ಲಿ ದುಡಿದಿದ್ದ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ 1969ರಲ್ಲಿ ಯುನಿಕ್ಸ್ ಕಟ್ಟತೊಡಗಿದರು. ಅಲ್ಲಿ ಆಯ್ಕೆಗೆ ಅಡ್ಡಗೆರೆಯೂ ಕಡತದ ದಾರಿಗೆ ಓರೆಗೆರೆಯೂ ನೆಲೆನಿಂತವು. ಅತ್ತ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಯಂತ್ರಗಳಲ್ಲಿ ಆಯ್ಕೆಗೇ ಓರೆಗೆರೆ. 1981ರಲ್ಲಿ ಐಬಿಎಂ ಪಿಸಿಯೊಂದಿಗೆ ಬಂದ ಡಾಸ್ ಕೂಡ ಹೀಗೆಯೇ ನಡೆಯಿತು. ಆಗ ಡಾಸ್‌ನಲ್ಲಿ ಕೋಶದೊಳಗೆ ಕೋಶ ಎಂಬುದೇ ಇರಲಿಲ್ಲವಾದ್ದರಿಂದ ತಕರಾರೂ ಇರಲಿಲ್ಲ. 1983ರ ಎರಡನೆಯ ಆವೃತ್ತಿಯಲ್ಲಿ ಯುನಿಕ್ಸ್ ಮಾದರಿಯ ಕೋಶಗಳನ್ನು ತಂದಾಗ ನೋಡುತ್ತಾರೆ, ಓರೆಗೆರೆಯ ಪೀಠ ಖಾಲಿಯಿಲ್ಲ! ಹಾಗಾಗಿ ದಾರಿಗೆ ಹಿಂದಕ್ಕೆ ವಾಲಿದ ‘\’ ಗೆರೆಯನ್ನು ಹಿಡಿದರು. ವಿಂಡೋಸ್ ಬಳಸುವವರು ಇಂದಿಗೂ ಆ ಗೆರೆಯನ್ನೇ ಒತ್ತುತ್ತಿದ್ದಾರೆ. 2006ರಲ್ಲಿ ಅದೇ ಮೈಕ್ರೋಸಾಫ್ಟ್ ಹೊರತಂದ ಪವರ್‌ಶೆಲ್ಲಿನಲ್ಲಿ ಆಯ್ಕೆಗೆ ಅಡ್ಡಗೆರೆಯೇ ಬಂದದ್ದು ತಮಾಷೆಯ ಸಂಗತಿ.

ಯುನಿಕ್ಸಿನ ಮನೆಯೊಳಗೂ ಒಮ್ಮತವಿರಲಿಲ್ಲ. ‘-ಎಬಿಸಿ’ ಎಂಬುದು ಮೂರು ಆಯ್ಕೆಗಳೋ, ಒಂದೇ ಪದವೋ? ಪ್ರತಿ ಕ್ರಮವಿಧಿಯೂ ತನಗೆ ತೋಚಿದಂತೆ ಓದುತ್ತಿತ್ತು. ‘ಡಿಡಿ’ ಎಂಬ ಆಜ್ಞೆಯಂತೂ ಐಬಿಎಂನ ದೊಡ್ಡ ಯಂತ್ರಗಳನ್ನು ಅನುಕರಿಸಿ ಗೆರೆಯನ್ನೇ ಬಿಟ್ಟು ‘=’ ಹಿಡಿಯಿತು. ಎಟಿ ಅಂಡ್ ಟಿ ಸಂಸ್ಥೆಯು ‘ಗೆಟ್‌ಆಪ್ಟ್’ ಎಂಬ ಸಿದ್ಧ ಸಾಧನವನ್ನು 1985ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. 1992ರ ಪಾಸಿಕ್ಸ್ ಮಾನಕ ನಿಯಮಗಳನ್ನು ಬರೆದಿಟ್ಟಿತು. ಗ್ನೂ ಬಳಗದವರು ಪೂರ್ಣ ಪದಗಳಿಗೆ ಎರಡು ಅಡ್ಡಗೆರೆ ಇಡುವುದನ್ನು ರೂಢಿಗೆ ತಂದರು.

ಗೆರೆಗಿಂತ ಗಹನವಾದದ್ದು ಇನ್ನೊಂದಿದೆ: ಸಾಲನ್ನು ಬಿಡಿಸುವವರು ಯಾರು? ಡಾಸ್ ಹೆಚ್ಚೆಂದರೆ 127 ಅಕ್ಷರಗಳ ಸಾಲನ್ನು ಹಾಗೆಯೇ ಕ್ರಮವಿಧಿಯ ಕೈಗೆ ಕೊಟ್ಟು ಸುಮ್ಮನಾಗುತ್ತಿತ್ತು. ಬಿಡಿಸುವ ಪಾಡು ಕ್ರಮವಿಧಿಯದು. ಯುನಿಕ್ಸಿನಲ್ಲಾದರೆ ‘ಶೆಲ್’ ಎಂಬ ಮಧ್ಯವರ್ತಿ ಮೊದಲೇ ಪದಗಳನ್ನು ಬೇರ್ಪಡಿಸಿ, ‘*’ ಕಂಡಲ್ಲಿ ಕೋಶದ ಕಡತಗಳ ಹೆಸರನ್ನೆಲ್ಲ ತುಂಬಿ ಕೊಡುತ್ತದೆ. ಹೆಸರು ಯಾವುದು, ಆಯ್ಕೆ ಯಾವುದು ಎಂದು ಕ್ರಮವಿಧಿಗೆ ಆಮೇಲೆ ತಿಳಿಯದು. ಮುಂದೆ ಅಡ್ಡಗೆರೆ ಇದ್ದರೆ ಆಯ್ಕೆ, ಅಷ್ಟೆ.

ಇದರಿಂದ ಅನಾಹುತವೇ ಆಗಬಹುದು. ಒಂದು ಕೋಶದಲ್ಲಿ ನಿಮ್ಮ ವರ್ಷವಿಡೀ ಬರೆದ ಟಿಪ್ಪಣಿಗಳ ಉಪಕೋಶವೂ, ಯಾರೋ ಕಿಡಿಗೇಡಿ ಇಟ್ಟ ‘-ಆರ್‌ಎಫ್’ ಎಂಬ ಹೆಸರಿನ ಕಡತವೂ ಇದೆ ಎನ್ನಿ. ಬಿಡಿ ಕಡತಗಳನ್ನು ಅಳಿಸಲೆಂದು ನೀವು ‘ಆರ್‌ಎಂ *’ ಎನ್ನುತ್ತೀರಿ. ಸಾಮಾನ್ಯವಾಗಿ ಈ ಆಜ್ಞೆ ಉಪಕೋಶಗಳನ್ನು ಮುಟ್ಟುವುದಿಲ್ಲ. ಈಗ ಆ ಕಡತದ ಹೆಸರೇ ‘ಒಳಗಿನದನ್ನೂ ಅಳಿಸು, ಕೇಳಬೇಡ’ ಎಂಬ ಆಯ್ಕೆಯಾಗಿಬಿಡುತ್ತದೆ. ‘ಆರ್‌ಎಂ -- *’ ಎಂದಿದ್ದರೆ, ಆಯ್ಕೆಗಳು ಇಲ್ಲಿಗೆ ಮುಗಿದವು ಎಂದು ಆ ಜೋಡಿಗೆರೆ ತಡೆಯುತ್ತಿತ್ತು. ಅದಿಲ್ಲದಿದ್ದರೆ, ಚುಕ್ಕಿಯಿಂದ ಆರಂಭವಾಗುವ ಗುಪ್ತ ಕಡತಗಳನ್ನು ಬಿಟ್ಟು ಕೋಶದಲ್ಲಿ ಉಳಿಯುವುದು ‘-ಆರ್‌ಎಫ್’ ಕಡತ ಒಂದೇ.