ಎಥನಾಲ್ ಮಿಶ್ರಿತ ಪೆಟ್ರೋಲ್

ಎಥನಾಲ್ ಮಿಶ್ರಿತ ಪೆಟ್ರೋಲ್ ಎಂಬುದು ಪೆಟ್ರೋಲ್‌ಗೆ ನಿಗದಿತ ಪ್ರಮಾಣದಲ್ಲಿ ಎಥನಾಲ್ (ಈಥೈಲ್ ಆಲ್ಕೊಹಾಲ್) ಬೆರೆಸಿ ತಯಾರಿಸಲಾಗುವ ವಾಹನ ಇಂಧನವಾಗಿದೆ. ಮಿಶ್ರಣದಲ್ಲಿರುವ ಎಥನಾಲ್‌ನ ಪ್ರಮಾಣವನ್ನು 'ಇ' ಅಕ್ಷರದ ಮುಂದಿನ ಸಂಖ್ಯೆಯು ಸೂಚಿಸುತ್ತದೆ. ಇ10 ಎಂದರೆ ಗಾತ್ರದಲ್ಲಿ ಶೇ. 10ರಷ್ಟು ಎಥನಾಲ್ ಇರುವ ಪೆಟ್ರೋಲ್. ಇ20 ಎಂದರೆ ಶೇ. 20ರಷ್ಟು ಇರುವುದು. ಕಡಿಮೆ ಪ್ರಮಾಣದ ಮಿಶ್ರಣವನ್ನು ಸಾಮಾನ್ಯ ಪೆಟ್ರೋಲ್ ಎಂಜಿನ್‌ಗಳು ಯಾವುದೇ ಬದಲಾವಣೆಯಿಲ್ಲದೆ ಬಳಸಬಲ್ಲವು. ಪ್ರಮಾಣ ಹೆಚ್ಚಿದಂತೆ ಎಂಜಿನ್‌ನ ಹೊಂದಾಣಿಕೆ ಹಾಗೂ ಇಂಧನ ವ್ಯವಸ್ಥೆಯ ಬಿಡಿಭಾಗಗಳ ಗುಣಮಟ್ಟ ಮುಖ್ಯವಾಗುತ್ತವೆ.

ತಯಾರಿಕೆ

ಕಬ್ಬಿನ ರಸ, ಕಾಕಂಬಿ, ಮೆಕ್ಕೆಜೋಳ, ನುಚ್ಚಕ್ಕಿ ಮೊದಲಾದವುಗಳಲ್ಲಿನ ಸಕ್ಕರೆ ಅಥವಾ ಪಿಷ್ಟವನ್ನು ಯೀಸ್ಟ್‌ನಿಂದ ಹುದುಗಿಸಿ ಎಥನಾಲ್ ಪಡೆಯಲಾಗುತ್ತದೆ. ಸಾಮಾನ್ಯ ಬಟ್ಟಿ ಇಳಿಸುವಿಕೆಯಿಂದ ತೂಕದಲ್ಲಿ ಸುಮಾರು ಶೇ. 95.6ಕ್ಕಿಂತ ಹೆಚ್ಚು ಶುದ್ಧತೆ ಸಾಧ್ಯವಿಲ್ಲ. ಉಳಿದ ನೀರನ್ನು ಆಣ್ವಿಕ ಜರಡಿಗಳ ಮೂಲಕ ತೆಗೆದ ಬಳಿಕವೇ ಅದು ಇಂಧನಕ್ಕೆ ಯೋಗ್ಯವಾಗುತ್ತದೆ. ಒಂದು ಟನ್ ಮೆಕ್ಕೆಜೋಳದಿಂದ ಸುಮಾರು 380 ಲೀಟರ್ ಎಥನಾಲ್ ದೊರೆಯುತ್ತದೆ. ಉಳಿಯುವ ಪ್ರೋಟೀನ್‌ಯುಕ್ತ ಶೇಷವನ್ನು ಒಣಗಿಸಿ ಜಾನುವಾರು ಹಾಗೂ ಕೋಳಿ ಆಹಾರವಾಗಿ ಮಾರಲಾಗುತ್ತದೆ.

ಎಂಜಿನ್ ಮೇಲಿನ ಪರಿಣಾಮಗಳು

ಮೈಲೇಜ್: ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ, ಒಂದು ಲೀಟರ್ ಎಥನಾಲ್‌ನಲ್ಲಿ ಸುಮಾರು 21 ಮೆಗಾಜೂಲ್ ಮಾತ್ರ ಇರುತ್ತದೆ. ಆದ್ದರಿಂದ ಒಂದು ಲೀಟರ್ ಇ20 ಇಂಧನದಲ್ಲಿ ಶುದ್ಧ ಪೆಟ್ರೋಲ್‌ಗಿಂತ ಸುಮಾರು ಶೇ. 7ರಷ್ಟು ಕಡಿಮೆ ಶಕ್ತಿಯಿರುತ್ತದೆ. ಎಂಜಿನ್‌ನ ದಕ್ಷತೆ ಬದಲಾಗದಿದ್ದರೆ, ಶುದ್ಧ ಪೆಟ್ರೋಲ್‌ನಲ್ಲಿ ಲೀಟರಿಗೆ 15 ಕಿ.ಮೀ. ಓಡುವ ಕಾರು ಇ20ಯಲ್ಲಿ ಸುಮಾರು 14 ಕಿ.ಮೀ. ಓಡುತ್ತದೆ. ನೀತಿ ಆಯೋಗವು 2021ರ ಜೂನ್‌ನಲ್ಲಿ ಪ್ರಕಟಿಸಿದ ಮಾರ್ಗಸೂಚಿಯೂ ಇದಕ್ಕೆ ಹತ್ತಿರದ ಅಂದಾಜನ್ನೇ ನೀಡಿದೆ. ಅದರ ಪ್ರಕಾರ ಶುದ್ಧ ಪೆಟ್ರೋಲ್‌ಗೆ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಲಾದ ಕಾರುಗಳಲ್ಲಿ ಶೇ. 6ರಿಂದ 7, ಅಂತಹ ದ್ವಿಚಕ್ರ ವಾಹನಗಳಲ್ಲಿ ಶೇ. 3ರಿಂದ 4, ಇ10ಕ್ಕೆ ವಿನ್ಯಾಸಗೊಂಡು ಇ20ಗೆ ಹೊಂದಿಸಲಾದ ಕಾರುಗಳಲ್ಲಿ ಶೇ. 1ರಿಂದ 2ರಷ್ಟು ಇಂಧನ ಕ್ಷಮತೆ ಕಡಿಮೆಯಾಗಬಹುದು.

ಗಾಳಿ ಮತ್ತು ಇಂಧನದ ಅನುಪಾತ: ಎಥನಾಲ್ ತನ್ನಲ್ಲಿಯೇ ತೂಕದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಆಮ್ಲಜನಕವನ್ನು ಹೊಂದಿದೆ. ಒಂದು ಕಿಲೋಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಬೇಕಾದರೆ, ಎಥನಾಲ್‌ಗೆ 9 ಕಿಲೋಗ್ರಾಂ, ಇ20ಗೆ ಸುಮಾರು 13.5 ಕಿಲೋಗ್ರಾಂ ಸಾಕು. ಇಂಜೆಕ್ಷನ್ ವ್ಯವಸ್ಥೆಯುಳ್ಳ ಕಾರುಗಳಲ್ಲಿ ಹೊಗೆಕೊಳವೆಯ ಆಮ್ಲಜನಕ ಸಂವೇದಕದ ಮಾಹಿತಿಯನ್ನು ಆಧರಿಸಿ ಎಂಜಿನ್‌ನ ಗಣಕವು ಇಂಧನದ ಪ್ರಮಾಣವನ್ನು ಹೆಚ್ಚಿಸಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಇರುವ ಹಳೆಯ ವಾಹನಗಳಲ್ಲಿ ಈ ಅನುಕೂಲವಿಲ್ಲ. ಅವುಗಳ ಜೆಟ್ ರಂಧ್ರದ ಅಳತೆ ಸ್ಥಿರವಾಗಿರುವುದರಿಂದ ಮಿಶ್ರಣದಲ್ಲಿ ಇಂಧನದ ಪಾಲು ಕಡಿಮೆಯಾಗಿ, ಬೆಳಗಿನ ಚಾಲನೆ ಕಷ್ಟವಾಗುವುದು, ವೇಗ ಹೆಚ್ಚಿಸುವಾಗ ಎಂಜಿನ್ ತಡವರಿಸುವುದು ಮುಂತಾದ ತೊಂದರೆಗಳು ಕಾಣಿಸಿಕೊಳ್ಳಬಹುದು.

ಬಿಡಿಭಾಗಗಳು: ಎಥನಾಲ್ ಉತ್ತಮ ದ್ರಾವಕ. ಅದಕ್ಕೆಂದು ತಯಾರಿಸದ ರಬ್ಬರ್ ಕೊಳವೆ, ಗ್ಯಾಸ್ಕೆಟ್ ಹಾಗೂ ಸೀಲ್‌ಗಳು ಉಬ್ಬಬಹುದು ಅಥವಾ ಬಿರುಕು ಬಿಡಬಹುದು. ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಅಂಟಿಕೊಂಡ ಕೊಳೆ ಸಡಿಲಗೊಂಡು ಇಂಧನ ಫಿಲ್ಟರ್ ಕಟ್ಟಿಕೊಳ್ಳುವ ಸಂಭವವೂ ಇದೆ. ಪೆಟ್ರೋಲಿಯಂ ಸಚಿವಾಲಯವು 2025ರ ಆಗಸ್ಟ್‌ನಲ್ಲಿ ನೀಡಿದ ವಿವರಣೆಯಲ್ಲಿ, ಕೆಲವು ಹಳೆಯ ವಾಹನಗಳಲ್ಲಿ 20,000ದಿಂದ 30,000 ಕಿ.ಮೀ. ಬಳಕೆಯ ನಂತರ ರಬ್ಬರ್ ಭಾಗಗಳು ಹಾಗೂ ಗ್ಯಾಸ್ಕೆಟ್‌ಗಳನ್ನು ಬದಲಾಯಿಸಬೇಕಾಗಬಹುದು ಎಂದು ತಿಳಿಸಿತು.

ನೀರಿನ ಸಮಸ್ಯೆ: ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಇ10 ಇಂಧನವು 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಶೇ. 0.5ರಷ್ಟು ನೀರನ್ನು ತನ್ನಲ್ಲಿ ಕರಗಿಸಿಕೊಳ್ಳಬಲ್ಲದು. ಈ ಮಿತಿ ಮೀರಿದಾಗ ನೀರು ಹಾಗೂ ಎಥನಾಲ್ ಒಟ್ಟಾಗಿ ಬೇರ್ಪಟ್ಟು ಟ್ಯಾಂಕಿನ ತಳ ಸೇರುತ್ತವೆ. ಇಂಧನವನ್ನು ತಳದಿಂದಲೇ ಎಳೆದುಕೊಳ್ಳುವುದರಿಂದ ಎಂಜಿನ್ ನಿಂತುಹೋಗಬಹುದು, ಲೋಹದ ಭಾಗಗಳಿಗೆ ತುಕ್ಕು ಹಿಡಿಯಬಹುದು.

ಅನುಕೂಲಗಳು: ಎಥನಾಲ್‌ನ ಆಕ್ಟೇನ್ ಸಂಖ್ಯೆ ಸುಮಾರು 108. ಆದ್ದರಿಂದ ಮಿಶ್ರಿತ ಇಂಧನವು ಎಂಜಿನ್‌ನ ಬಡಿತವನ್ನು ತಡೆಯುತ್ತದೆ. ಹೆಚ್ಚಿನ ಸಂಕೋಚನ ಅನುಪಾತಕ್ಕೆ ವಿನ್ಯಾಸಗೊಂಡ ಎಂಜಿನ್‌ಗಳು ಈ ಗುಣದ ಲಾಭ ಪಡೆಯಬಲ್ಲವು. ನೀತಿ ಆಯೋಗದ ಮಾರ್ಗಸೂಚಿಯಂತೆ ಇ20 ಬಳಕೆಯಿಂದ ಕಾರ್ಬನ್ ಮಾನಾಕ್ಸೈಡ್ ಹೊರಸೂಸುವಿಕೆ ದ್ವಿಚಕ್ರ ವಾಹನಗಳಲ್ಲಿ ಶೇ. 50, ನಾಲ್ಕು ಚಕ್ರದ ವಾಹನಗಳಲ್ಲಿ ಶೇ. 30ರಷ್ಟು ತಗ್ಗುತ್ತದೆ.

ಇತಿಹಾಸ

ಬ್ರೆಜಿಲ್ ದೇಶವು ತೈಲ ಬಿಕ್ಕಟ್ಟಿನ ಹಿನ್ನೆಲೆಯಲ್ಲಿ 1975ರಲ್ಲಿ 'ಪ್ರೊ-ಆಲ್ಕೂಲ್' ಯೋಜನೆಯನ್ನು ಆರಂಭಿಸಿ, ಕಬ್ಬಿನ ಎಥನಾಲ್ ಬಳಕೆಯಲ್ಲಿ ಮುಂಚೂಣಿಗೆ ಬಂದಿತು. ಭಾರತದಲ್ಲಿ 1948ರಲ್ಲಿಯೇ ಪವರ್ ಆಲ್ಕೊಹಾಲ್ ಕಾಯಿದೆ ಜಾರಿಯಾಗಿತ್ತು; ಅದನ್ನು 2000ದಲ್ಲಿ ರದ್ದುಗೊಳಿಸಲಾಯಿತು. 2003ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಒಂಬತ್ತು ರಾಜ್ಯಗಳಲ್ಲಿ ಹಾಗೂ ನಾಲ್ಕು ಕೇಂದ್ರಾಡಳಿತ ಪ್ರದೇಶಗಳಲ್ಲಿ ಶೇ. 5ರ ಮಿಶ್ರಣದ ಯೋಜನೆ ಆರಂಭವಾಯಿತು. ಆದರೂ 2013-14ರಲ್ಲಿ ದೇಶದ ಸರಾಸರಿ ಮಿಶ್ರಣ ಶೇ. 1.53 ಮಾತ್ರ ಇತ್ತು.

2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯು 2030ರೊಳಗೆ ಶೇ. 20ರ ಮಿಶ್ರಣದ ಗುರಿಯನ್ನು ಇರಿಸಿತು. 2022ರ ತಿದ್ದುಪಡಿಯಲ್ಲಿ ಈ ಗುರಿಯನ್ನು 2025-26ಕ್ಕೆ ಹಿಂದಕ್ಕೆ ತರಲಾಯಿತು. 2022ರ ಜೂನ್‌ನಲ್ಲಿ ಶೇ. 10ರ ಮಟ್ಟ ತಲುಪಲಾಯಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನ 'ಇಂಡಿಯಾ ಎನರ್ಜಿ ವೀಕ್' ಸಮಾವೇಶದಲ್ಲಿ ಪ್ರಧಾನಿ ನರೇಂದ್ರ ಮೋದಿಯವರು ಇ20 ಇಂಧನವನ್ನು ಬಿಡುಗಡೆ ಮಾಡಿದರು. ಮೊದಲಿಗೆ 11 ರಾಜ್ಯ ಹಾಗೂ ಕೇಂದ್ರಾಡಳಿತ ಪ್ರದೇಶಗಳ 84 ಬಂಕ್‌ಗಳಲ್ಲಿ ಇದು ದೊರೆಯಿತು. 2025ರಲ್ಲಿ ದೇಶವು ಶೇ. 20ರ ಮಟ್ಟವನ್ನು ತಲುಪಿತು.

ದಾವಣಗೆರೆ ಮತ್ತು ಹರಿಹರ

ಎಥನಾಲ್‌ನ ಮೂರು ಬಗೆಯ ಕಚ್ಚಾವಸ್ತುಗಳೂ ದಾವಣಗೆರೆ ಜಿಲ್ಲೆಯಲ್ಲಿ ದೊರೆಯುತ್ತವೆ. ಭದ್ರಾ ನಾಲೆಯ ನೀರಾವರಿ ಪ್ರದೇಶದಲ್ಲಿ ಕಬ್ಬು ಮತ್ತು ಭತ್ತ ಬೆಳೆಯಲಾಗುತ್ತದೆ. ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳವೇ ಪ್ರಧಾನ ಬೆಳೆ. ರಾಜ್ಯದ ಪ್ರಮುಖ ಮೆಕ್ಕೆಜೋಳ ಬೆಳೆಯುವ ಜಿಲ್ಲೆಗಳಲ್ಲಿ ದಾವಣಗೆರೆಯೂ ಒಂದು. ಕೊಯ್ಲಿನ ನಂತರ ಉಳಿಯುವ ದಂಟು, ಹುಲ್ಲು ಮೂರನೆಯ ಕಚ್ಚಾವಸ್ತು. ದಾವಣಗೆರೆ ತಾಲೂಕಿನ ಕುಕ್ಕುವಾಡದಲ್ಲಿರುವ ದಾವಣಗೆರೆ ಶುಗರ್ ಕಂಪನಿಯು ಸಕ್ಕರೆ ಹಾಗೂ ವಿದ್ಯುತ್ತಿನ ಜೊತೆಗೆ ಎಥನಾಲ್ ಅನ್ನೂ ಉತ್ಪಾದಿಸುತ್ತದೆ.

ಮಂಗಳೂರಿನ ಎಂಆರ್‌ಪಿಎಲ್ ಸಂಸ್ಥೆಯು ಹರಿಹರ ತಾಲೂಕಿನ ಹನಗವಾಡಿ ಕೈಗಾರಿಕಾ ಪ್ರದೇಶದಲ್ಲಿ ದಿನಕ್ಕೆ 60 ಕಿಲೋಲೀಟರ್ ಸಾಮರ್ಥ್ಯದ ಎರಡನೆಯ ತಲೆಮಾರಿನ ಎಥನಾಲ್ ಸ್ಥಾವರವನ್ನು ಯೋಜಿಸಿತು. ಎರಡನೆಯ ತಲೆಮಾರಿನ ವಿಧಾನದಲ್ಲಿ ಧಾನ್ಯದ ಬದಲು ಕೃಷಿ ತ್ಯಾಜ್ಯದ ಸೆಲ್ಯುಲೋಸ್ ಅನ್ನು ಸಕ್ಕರೆಯಾಗಿ ಒಡೆದು ಹುದುಗಿಸಲಾಗುತ್ತದೆ. ಇಂತಹ ಸ್ಥಾವರಗಳಿಗೆ ನೆರವು ನೀಡಲು ಕೇಂದ್ರ ಸರ್ಕಾರವು 2019ರಲ್ಲಿ 'ಪ್ರಧಾನಮಂತ್ರಿ ಜೀ-ವನ್' ಯೋಜನೆಯನ್ನು ಅನುಮೋದಿಸಿತು. ಭತ್ತದ ಹುಲ್ಲನ್ನು ಬಳಸುವ, ದಿನಕ್ಕೆ 100 ಕಿಲೋಲೀಟರ್ ಸಾಮರ್ಥ್ಯದ ಇದೇ ಬಗೆಯ ಸ್ಥಾವರವನ್ನು ಹರಿಯಾಣದ ಪಾಣಿಪತ್‌ನಲ್ಲಿ 2022ರ ಆಗಸ್ಟ್ 10ರಂದು ಲೋಕಾರ್ಪಣೆ ಮಾಡಲಾಯಿತು.

ಚರ್ಚೆಗಳು

ಎಥನಾಲ್ ಮಿಶ್ರಣವು ಕಚ್ಚಾತೈಲದ ಆಮದನ್ನು ತಗ್ಗಿಸಿ ರೈತರ ಬೆಳೆಗೆ ಹೊಸ ಮಾರುಕಟ್ಟೆ ಒದಗಿಸುತ್ತದೆ ಎಂಬುದು ಸರ್ಕಾರದ ನಿಲುವು. ಆದರೆ ಬೇಡಿಕೆ ಹೆಚ್ಚಿದ ಮಾತ್ರಕ್ಕೆ ಬೆಲೆ ಸ್ಥಿರವಾಗುವುದಿಲ್ಲ ಎಂಬುದನ್ನು 2025ರ ಹಂಗಾಮು ತೋರಿಸಿತು. ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಾಲ್‌ಗೆ 2,400 ರೂಪಾಯಿ ಇದ್ದರೂ ಕರ್ನಾಟಕದ ಮಾರುಕಟ್ಟೆಗಳಲ್ಲಿ ದರ ಅದಕ್ಕಿಂತ ಬಹಳ ಕೆಳಗಿಳಿಯಿತು. ರಾಜ್ಯದ ಡಿಸ್ಟಿಲರಿಗಳಿಗೆ ಹೆಚ್ಚಿನ ಎಥನಾಲ್ ಹಂಚಿಕೆ ನೀಡಬೇಕೆಂದು ರಾಜ್ಯ ಸರ್ಕಾರವು ಆ ವರ್ಷದ ನವೆಂಬರ್‌ನಲ್ಲಿ ಕೇಂದ್ರವನ್ನು ಕೋರಿತು. ಮೆಕ್ಕೆಜೋಳವನ್ನೇ ಅವಲಂಬಿಸಿದ ಕೋಳಿ ಸಾಕಣೆದಾರರಿಗೆ ಇದೇ ಬೇಡಿಕೆಯು ಮೇವಿನ ಖರ್ಚಿನ ಚಿಂತೆಯಾಗಿದೆ. ಕಬ್ಬಿನ ವಿಷಯದಲ್ಲಿ ನೀರಿನ ಬಳಕೆ ಪ್ರಮುಖ ಟೀಕೆ: ನೀತಿ ಆಯೋಗದ ಮಾರ್ಗಸೂಚಿಯಂತೆ ಸಕ್ಕರೆ ಮೂಲದ ಒಂದು ಲೀಟರ್ ಎಥನಾಲ್‌ಗೆ ಸುಮಾರು 2,860 ಲೀಟರ್ ನೀರು ಬೇಕು.

ವಾಹನ ಮಾಲೀಕರ ಆಕ್ಷೇಪವು ಮುಖ್ಯವಾಗಿ ಆಯ್ಕೆಯ ಕೊರತೆಗೆ ಸಂಬಂಧಿಸಿದೆ. ಎಥನಾಲ್ ರಹಿತ ಪೆಟ್ರೋಲ್ ಕೂಡ ದೊರೆಯುವಂತೆ ಮಾಡಬೇಕೆಂದು ಕೋರಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2025ರ ಸೆಪ್ಟೆಂಬರ್ 1ರಂದು ವಜಾಗೊಳಿಸಿತು.

ಬಳಕೆದಾರರು ಗಮನಿಸಬೇಕಾದ ಅಂಶಗಳು

ವಾಹನವು ಯಾವ ಮಟ್ಟದ ಮಿಶ್ರಣಕ್ಕೆ ಹೊಂದುತ್ತದೆ ಎಂಬುದನ್ನು ತಯಾರಕರು ಅಂಟುಪಟ್ಟಿಯ ಮೂಲಕ ಸೂಚಿಸಬೇಕೆಂಬ ನಿಯಮ 2021ರಲ್ಲಿ ಬಂದಿತು. ನೀತಿ ಆಯೋಗದ ಮಾರ್ಗಸೂಚಿಯು 2023ರ ಏಪ್ರಿಲ್‌ನಿಂದ ಇ20ಯನ್ನು ತಾಳಿಕೊಳ್ಳುವ ಬಿಡಿಭಾಗಗಳುಳ್ಳ ವಾಹನಗಳನ್ನೂ, 2025ರ ಏಪ್ರಿಲ್‌ನಿಂದ ಇ20ಗೆ ಹೊಂದಿಸಿದ ಎಂಜಿನ್‌ಗಳನ್ನೂ ಮಾರುಕಟ್ಟೆಗೆ ತರಲು ಸೂಚಿಸಿತ್ತು. ಅದಕ್ಕೂ ಹಿಂದಿನ ವಾಹನಗಳಲ್ಲಿ ಇಂಧನ ಕೊಳವೆ ಮತ್ತು ಫಿಲ್ಟರ್‌ಗಳನ್ನು ಆಗಾಗ ಪರೀಕ್ಷಿಸುವುದು, ಟ್ಯಾಂಕಿನ ಮುಚ್ಚಳದಿಂದ ಮಳೆನೀರು ಒಳಸೇರದಂತೆ ನೋಡಿಕೊಳ್ಳುವುದು, ತಿಂಗಳುಗಟ್ಟಲೆ ಓಡಿಸದೆ ಇಂಧನ ಸಮೇತ ನಿಲ್ಲಿಸದಿರುವುದು ಅಗತ್ಯ. ಅಂಗಡಿಯಲ್ಲಿ ದೊರೆಯುವ ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಅನ್ನು ಪೆಟ್ರೋಲ್‌ಗೆ ಬೆರೆಸುವುದು ಅಪಾಯಕಾರಿ. ಅವುಗಳಲ್ಲಿರುವ ನೀರು ಹಾಗೂ ಇತರ ರಾಸಾಯನಿಕಗಳು ಇಂಧನ ವ್ಯವಸ್ಥೆಯನ್ನು ಹಾಳುಮಾಡುತ್ತವೆ.