ಗೋಷಾದೊಳಗಿನ ಛಾಯಾಚಿತ್ರಶಾಲೆ

ಬೀದರಿನ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಹಳೆಯ ಭಾವಚಿತ್ರವಿದೆ. 1955ರ ಸುಮಾರಿನಲ್ಲಿ ತೆಗೆಸಿದುದು. ಅಜ್ಜ ಕುರ್ಚಿಯಲ್ಲಿ ಕುಳಿತಿದ್ದಾರೆ. ಅಜ್ಜಿ ಪಕ್ಕದಲ್ಲಿ ತಲೆತುಂಬ ಸೆರಗು ಹೊದ್ದು ನಿಂತಿದ್ದಾರೆ. ಅಜ್ಜನ ದೃಷ್ಟಿ ನೆಟ್ಟಗಿದೆ. ಅಜ್ಜಿಯ ದೃಷ್ಟಿ ನೆಲದ ಮೇಲಿದೆ. ಇದರ ಕಾರಣವನ್ನು ಅಜ್ಜಿಯೇ ನಗುತ್ತ ಹೇಳುತ್ತಿದ್ದರು. ಪಟ ತೆಗೆಯುವವನು ಪರಪುರುಷ; ಅವರೊಡನೆ ನೇರವಾಗಿ ಮಾತನಾಡುವಂತಿರಲಿಲ್ಲ. “ಅವರಿಗಿ ಜರಾ ಮಾರಿ ಮ್ಯಾಲ ಮಾಡ್ಲಾಕ ಹೇಳ್ರಿ” ಎಂದು ಅವನು ಅಜ್ಜನಿಗೆ ಹೇಳಬೇಕು, ಅಜ್ಜ ಅದನ್ನು ಅಜ್ಜಿಗೆ ಹೇಳಬೇಕು. ಅಜ್ಜಿ ಮುಖವೆತ್ತುವಷ್ಟರಲ್ಲಿ ಪಟ ತೆಗೆದಾಗಿತ್ತು! ಪಟದ ಬೆನ್ನಿನ ಮೇಲೆ ಅಜ್ಜನ ಹೆಸರಿದೆ. ಅದರ ಮುಂದೆ ‘ಸಕುಟುಂಬ’ ಎಂದಿದೆ. ಅಷ್ಟೆ.

ನಾವು ಈಗ ಪಟಾನ್‌ಚೆರುವಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತರು. ಬೀದರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ ಈ ಊರಿನ ನಡುವೆಯೇ ಹಾದುಹೋಗುತ್ತದೆ. 1956ರ ನವೆಂಬರ್ 1ರವರೆಗೆ ಬೀದರ, ಗುಲ್ಬರ್ಗಾ, ರಾಯಚೂರುಗಳ ಕನ್ನಡಿಗರಿಗೆ ಹೈದರಾಬಾದೇ ರಾಜಧಾನಿಯಾಗಿತ್ತು. ಆದುದರಿಂದ ಈ ನಗರದ ಹಳೆಯ ಕಥೆ ನಮಗೆ ಪರರ ಕಥೆಯಲ್ಲ. ನಮ್ಮ ಅಜ್ಜಿಯ ಸಂಕೋಚಕ್ಕೆ ಅವರ ಪಟ ತೆಗೆಯುವುದಕ್ಕೂ ಅರುವತ್ತು ವರ್ಷ ಮೊದಲೇ ಇಲ್ಲಿ ಒಂದು ಪರಿಹಾರ ಹುಟ್ಟಿತ್ತೆಂಬುದನ್ನು ತಿಳಿದಾಗ ನಮಗೆ ಆಶ್ಚರ್ಯವೂ ಸಂತೋಷವೂ ಆದವು.

ರಾಜಾ ದೀನದಯಾಳರ ಹೆಸರನ್ನು ವಾಚಕರು ಕೇಳಿಯೇ ಇರಬಹುದು. 1844ರಲ್ಲಿ ಮೀರತ್ ಬಳಿಯ ಸರ್ಧಾನಾದಲ್ಲಿ ಹುಟ್ಟಿ, ರೂರ್ಕಿಯಲ್ಲಿ ಇಂಜಿನಿಯರಿಂಗ್ ಕಲಿತು, ಇಂದೂರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದವರು. ನಮ್ಮಂತೆಯೇ ಕಚೇರಿಯ ನೌಕರರು! ಛಾಯಾಚಿತ್ರದ ಹವ್ಯಾಸವು ಅವರನ್ನು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನಕ್ಕೆ ತಂದಿತು. ಸಿಕಂದರಾಬಾದಿನಲ್ಲಿ ಅವರ ಸ್ಟೂಡಿಯೋ ಹೆಸರುವಾಸಿಯಾಯಿತು.

ಆದರೆ ಒಂದು ತೊಡಕಿತ್ತು. ನವಾಬರು, ಜಾಗೀರದಾರರು, ಗೊರೆಯ ಅಧಿಕಾರಿಗಳೆಲ್ಲ ಪಟ ತೆಗೆಸಿಕೊಂಡರು. ಅವರ ಮನೆಯ ಗೋಷಾ ಹೆಂಗಸರು ಮಾತ್ರ ಬರುವಂತಿರಲಿಲ್ಲ. ದೀನದಯಾಳರು 1892ರಲ್ಲಿ ಹೈದರಾಬಾದಿನಲ್ಲಿ ಹೆಂಗಸರಿಗಾಗಿಯೇ ಒಂದು ‘ಜನಾನಾ’ ಸ್ಟೂಡಿಯೋ ತೆರೆದರು. ಸುತ್ತಲೂ ಎತ್ತರದ ಗೋಡೆ. ಒಳಗೆ ಗಂಡಸರಿಗೆ ಪ್ರವೇಶವಿಲ್ಲ. ಅದರ ಹೊಣೆ ಹೊತ್ತವರು ಶ್ರೀಮತಿ ಕೆನ್ನಿ-ಲೆವಿಕ್ ಎಂಬ ಆಂಗ್ಲ ಮಹಿಳೆ. ಅವರ ಕೈಕೆಳಗಿನ ಸಹಾಯಕರೆಲ್ಲರೂ ಈ ನೆಲದ ಹೆಂಗಸರೇ.

ಆ ಕೆಲಸವು ಗುಂಡಿ ಒತ್ತಿ ಮುಗಿಸುವಂಥದಲ್ಲ. ಅದಕ್ಕೂ ಹಿಂದಿನ ಪದ್ಧತಿಯಲ್ಲಿ ಗಾಜಿನ ಫಲಕಕ್ಕೆ ರಾಸಾಯನಿಕವನ್ನು ಹಚ್ಚಿ, ಅದು ಒಣಗುವುದರೊಳಗೆ ಪಟ ತೆಗೆದು, ಕೂಡಲೇ ಕತ್ತಲೆಕೋಣೆಯಲ್ಲಿ ತೊಳೆಯಬೇಕಾಗಿತ್ತು. 1871ರಲ್ಲಿ ಇಂಗ್ಲೆಂಡಿನ ಮ್ಯಾಡಾಕ್ಸ್ ಸೂಚಿಸಿದ ಒಣ ಫಲಕವು ಬಳಕೆಗೆ ಬಂದ ಮೇಲೆ ಈ ಆತುರ ತಪ್ಪಿತು. ಆದರೂ ಬಿಸಿಲಿನ ಬೆಳಕನ್ನು ಪರದೆಗಳಿಂದ ಹದಮಾಡುವುದು, ಕುಳಿತವರ ಅಂಜಿಕೆ ಬಿಡಿಸುವುದು, ಭಾರವಾದ ಫಲಕವನ್ನು ಒಡೆಯದಂತೆ ಕಾಯುವುದು, ಇವೆಲ್ಲ ಅಭ್ಯಾಸದಿಂದಲೇ ಬರಬೇಕಾದ ವಿದ್ಯೆ. ಹೆಂಗಸರನ್ನು ಒಳಗಿಟ್ಟ ಗೋಷಾ ಪದ್ಧತಿಯೇ ಹೆಂಗಸರಿಗೆ ಒಂದು ಉದ್ಯೋಗವನ್ನು ಹುಟ್ಟಿಸಿತೆಂಬುದು ಇತಿಹಾಸದ ವಿಚಿತ್ರವಲ್ಲವೆ?

ಇದೇ ಸಂಗತಿ ಬಂಗಾಳದಲ್ಲಿಯೂ ಕಾಣುತ್ತದೆ. 19ನೆಯ ಶತಮಾನದ ಕೊನೆಯಲ್ಲಿ ಕಲಕತ್ತೆಯಲ್ಲಿ ಸರೋಜಿನಿ ಘೋಷರು ‘ಮಹಿಳಾ ಆರ್ಟ್ ಸ್ಟೂಡಿಯೋ’ ನಡೆಸಿದರು. ಅನ್ನಪೂರ್ಣಾ ದತ್ತರು (1894–1976) ಕ್ಯಾಮೆರಾ ಹೊತ್ತು ಅಂತಃಪುರಗಳಿಗೇ ಹೋಗಿ ಪಟ ತೆಗೆದು, ತಾವೇ ತೊಳೆದು ಅಚ್ಚುಹಾಕಿ, ಆ ಸಂಪಾದನೆಯಿಂದ ಸಂಸಾರ ತೂಗಿಸಿದರು. ಅಲ್ಲಿ ಯಜಮಾನಿಕೆಯೂ ಹೆಂಗಸರದೇ.

ನಾವು ಲೆಕ್ಕದ ಮನುಷ್ಯರಾದುದರಿಂದ ಒಂದು ಪ್ರಶ್ನೆ ನಮ್ಮನ್ನು ಬಿಡದು: ಈ ದುಡಿಮೆ ಯಾರ ಖಾತೆಗೆ ಜಮಾ ಆಯಿತು? ಹೈದರಾಬಾದಿನ ಸ್ಟೂಡಿಯೋದ ಕೀರ್ತಿ ದೀನದಯಾಳರ ಹೆಸರಿಗೆ ಬಂದಿತು. ಅವರು ಅದಕ್ಕೆ ಅರ್ಹರೇ. 1894ರಲ್ಲಿ ‘ರಾಜಾ ಬಹಾದೂರ್ ಮುಸವ್ವಿರ್ ಜಂಗ್’ ಎಂಬ ಬಿರುದು ಬಂದಿತು, 1905ರಲ್ಲಿ ತೀರಿಕೊಂಡರು. ಅವರ ಸಂಸ್ಥೆಯ 2857 ಗಾಜಿನ ಫಲಕಗಳು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವನ್ನು ಸೇರಿದವು. ಗೋಡೆಯೊಳಗೆ ದುಡಿದಾಕೆಯಾದರೋ ಇತಿಹಾಸದಲ್ಲಿ ಗಂಡನ ಮನೆತನದ ಹೆಸರಿನಿಂದ ‘ಶ್ರೀಮತಿ’ಯಾಗಿ ಉಳಿದರು. ಆಕೆಯ ಸಹಾಯಕಿಯರಿಗೆ ಅಷ್ಟೂ ದೊರೆಯಲಿಲ್ಲ. ‘ದೇಶೀಯ ಸಹಾಯಕಿಯರು’ ಎಂಬ ಒಂದು ಮಾತಿನೊಳಗೆ ಎಲ್ಲರೂ ಅಡಗಿಹೋದರು.

ಇದು ಹಳೆಯ ಕಾಲದ ಮಾತೆಂದು ತಳ್ಳಿಬಿಡಬೇಡಿ. ಭಾರತದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿಯೆಂದು ಹೆಸರಾದ ಹೋಮಾಯ್ ವ್ಯಾರಾವಾಲಾ (1913–2012) ಅವರ ಮೊದಲ ಚಿತ್ರಗಳು ಕೂಡ ಗಂಡನ ಹೆಸರಿನಲ್ಲೇ ಅಚ್ಚಾದವು. ಪದ್ಮವಿಭೂಷಣ ಬಂದುದು 2011ರಲ್ಲಿ, ಅವರಿಗೆ 97 ವರ್ಷವಾಗಿದ್ದಾಗ. ಸಾಲ ತೀರಿತು, ಆದರೆ ಬಡ್ಡಿ ಎಷ್ಟಾಗಿರಬೇಕು!

ನಮ್ಮ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಈ ಕಥೆಗೆ ಬೇರೊಂದು ತಿರುವು ಕೊಟ್ಟಿದ್ದಾರೆ. 2000ದಿಂದ 2004ರವರೆಗೆ ಛಾಯಾಗ್ರಾಹಕಿ ಕ್ಲೇರ್ ಆರ್ನಿಯವರೊಡನೆ ಸೇರಿ ಅವರು ದಕ್ಷಿಣ ಭಾರತದ ಸ್ತ್ರೀಯರನ್ನು ಕುರಿತ ಚಿತ್ರಮಾಲೆಯೊಂದನ್ನು ರಚಿಸಿದರು. ಹಿಂದಿನವರು ಹೆಣ್ಣನ್ನು ಚಿತ್ರಿಸಿದ ರೀತಿಗಳನ್ನೆಲ್ಲ ತಾವೇ ವೇಷ ಕಟ್ಟಿ, ಕ್ಯಾಮೆರಾದ ಮುಂದೆ ನಿಂತು ಮತ್ತೆ ತೋರಿಸಿದರು. ಇಲ್ಲಿ ಹೇಗೆ ನಿಲ್ಲಬೇಕು, ಎಲ್ಲಿ ನೋಡಬೇಕು ಎಂಬುದನ್ನು ನಿಶ್ಚಯಿಸುವವಳು ಹೆಣ್ಣೇ, ಹೆಸರೂ ಅವಳದೇ.

ಬ್ಯಾಂಕಿನಲ್ಲಿ ಖಾತೆ ತೆರೆಯಲು ಬರುವ ಹೆಂಗಸರ ಪುಟ್ಟ ಪಟಗಳನ್ನು ನಾವು ದಿನವೂ ಅರ್ಜಿಗೆ ಅಂಟಿಸುತ್ತೇವೆ. ಪಟದ ಮಗ್ಗುಲಲ್ಲಿ ಹೆಸರು, ಅದರ ಕೆಳಗೆ ಅವರ ಸ್ವಂತ ರುಜು. ಎಲ್ಲರೂ ನೆಟ್ಟಗೆ ನಮ್ಮನ್ನೇ ನೋಡುತ್ತಿರುತ್ತಾರೆ. ಹೀಗೆ ನೋಡುವುದಕ್ಕೆ ಎಷ್ಟು ಕಾಲ ಹಿಡಿಯಿತೆಂದು ಆಗಾಗ ಎನಿಸುತ್ತದೆ.

ರಾಜ್ಯೋತ್ಸವದ ದಿನ ನಾಡಿನ ಹಿರಿಯರನ್ನು ನೆನೆಯುವುದು ನಮ್ಮ ವಾಡಿಕೆ. ವಾಚಕರಲ್ಲಿ ನಮ್ಮದೊಂದು ಚಿಕ್ಕ ಬಿನ್ನಹ: ಮನೆಯ ಹಳೆಯ ಪಟಗಳನ್ನು ಒಮ್ಮೆ ಕೆಳಗಿಳಿಸಿ, ಅದರಲ್ಲಿರುವ ಹೆಂಗಸರ ಹೆಸರುಗಳನ್ನು ಬಲ್ಲವರು ಇರುವಾಗಲೇ ಕೇಳಿ ಬರೆದಿಡಿ, ತೆಗೆದವರ ಹೆಸರು ತಿಳಿದರೆ ಅದನ್ನೂ ಬರೆಯಿರಿ. ನಾವು ಹಿಂದಿನ ಸಲ ಊರಿಗೆ ಹೋದಾಗ ‘ಸಕುಟುಂಬ’ ಎಂಬುದರ ಕೆಳಗೆ ಅಜ್ಜಿಯ ಹೆಸರನ್ನು ಬರೆದು ಬಂದೆವು. ತಡವಾಯಿತು, ನಿಜ. ಆದರೆ ಜಮಾ ಆಯಿತು.