ಹಿಂದಿನ ಚಕ್ರದ ಟಿಕ್ ಟಿಕ್

ಹೋದ ಜನವರಿಯ ಒಂದು ಭಾನುವಾರ, ಜರ್ಮನಿಯ ಇಪ್‌ಹೋಫನ್ ಊರಿನ ಪಕ್ಕದ ಷ್ವಾನ್‌ಬೆರ್ಗ್ ಗುಡ್ಡದ ಏರಿನಲ್ಲಿ ನನ್ನ ಸೈಕಲ್ ಕೈಕೊಟ್ಟಿತು. ಅದು ಮೋಟರ್ ಇರುವ ಮೌಂಟನ್ ಬೈಕ್. ಓದು ಮುಗಿಸಿ ಊರಿಗೆ ಹೊರಟಿದ್ದ ಇನ್ನೊಬ್ಬ ವಿದ್ಯಾರ್ಥಿಯಿಂದ, ಸ್ಕಾಲರ್‌ಶಿಪ್ಪಿನ ಉಳಿತಾಯವನ್ನೆಲ್ಲ ಸುರಿದು ಕೊಂಡದ್ದು. ದಾರಿ ಕಡಿದಾಯಿತೆಂದು ಸೀಟಿನಿಂದ ಎದ್ದು ಬಲಗಾಲಿಗೆ ಭಾರ ಕೊಟ್ಟೆ. ಒಳಗೆಲ್ಲೋ ‘ಠಕ್’ ಎಂದಿತು. ಪೆಡಲ್ ಹಿಡಿತವಿಲ್ಲದೆ ಕೆಳಗೆ ಜಾರಿತು, ಮಂಡಿ ಹ್ಯಾಂಡಲ್‌ಗೆ ಬಡಿಯಿತು, ನಾನು ಒದ್ದೆ ಎಲೆಗಳ ಮೇಲೆ ಬಿದ್ದೆ. ಎದ್ದು ನೋಡಿದರೆ ಚೈನ್ ತುಂಡಾಗಿರಲಿಲ್ಲ. ಪೆಡಲ್ ತಿರುಗಿಸಿದರೆ ಚೈನ್ ಓಡುತ್ತಿತ್ತು, ಹಿಂದಿನ ಹಲ್ಲುಚಕ್ರಗಳೂ ತಿರುಗುತ್ತಿದ್ದವು. ಚಕ್ರ ಮಾತ್ರ ತನಗೂ ಅವಕ್ಕೂ ಸಂಬಂಧವೇ ಇಲ್ಲವೆಂಬಂತೆ ನಿಂತಿತ್ತು.

ಇಳಿಜಾರಿನಲ್ಲಿ ಅದಕ್ಕೆ ಯಾವ ತೊಂದರೆಯೂ ಇರಲಿಲ್ಲ. ಕುಂಟುವ ಮಂಡಿಯೊಡನೆ ಕೂತು ಬ್ರೇಕ್ ಹಿಡಿದುಕೊಂಡೇ ಇಪ್‌ಹೋಫನ್ ಸ್ಟೇಷನ್ ಮುಟ್ಟಿದೆ. ಸದ್ದೇ ಇಲ್ಲದೆ ಇಳಿದೆ ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ವ್ಯೂರ್ಟ್ಸ್‌ಬುರ್ಗ್‌ನಲ್ಲಿ ನಾನಿರುವ ಬೀದಿಯ ಸೈಕಲ್ ಅಂಗಡಿಯಲ್ಲಿ ಮೂರು ವಾರ ಬಿಟ್ಟು ಬನ್ನಿ ಎಂದರು, ಕೂಲಿಯ ಅಂದಾಜನ್ನೂ ಹೇಳಿದರು. ಅದನ್ನು ಕೇಳಿ ನಾನೇ ಬಿಚ್ಚುವುದೆಂದು ತೀರ್ಮಾನಿಸಿ ಆ ರಾತ್ರಿ ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಚಿಕ್ಕಪ್ಪ ತಿಪಟೂರಿನಲ್ಲಿ ಸೈಕಲ್ ಶಾಪ್ ಇಟ್ಟಿದ್ದವರು. ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್, ಪಂಕ್ಚರ್, ಓವರಾಯ್ಲಿಂಗ್, ಎಲ್ಲ ಇತ್ತು. ಬೇಸಿಗೆ ರಜೆಯಲ್ಲಿ ನನ್ನ ಕೆಲಸ, ಅವರು ಬಿಚ್ಚಿದ ಫ್ರೀವೀಲಿನ ಬಾಲ್ಸುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಡಬ್ಬಿಯ ಮುಚ್ಚಳದಲ್ಲಿ ಎಣಿಸಿಡುವುದು. ಒಂದು ಕಡಿಮೆಯಾದರೂ ಅಂಗಡಿಯ ನೆಲವನ್ನೆಲ್ಲ ಆಯಸ್ಕಾಂತ ಹಿಡಿದು ಗುಡಿಸಬೇಕಿತ್ತು.

“ತುಳಿದ್ರೆ ಹಿಡೀತಿಲ್ಲ ಅಂದ್ರೆ ಲಾಕ್ ಕೂತ್ಬಿಟ್ಟಿದೆ ಮಗಾ,” ಎಂದರು ಚಿಕ್ಕಪ್ಪ, ಸೈಕಲ್ ನೋಡದೆಯೇ. “ಟಿಕ್ ಟಿಕ್ ಅಂತಿತ್ತಾ?”

ಆಗ ನೆನಪಾಯಿತು. ಕೊಂಡಾಗ ಆ ಸೈಕಲ್ ಜೀರುಂಡೆಯಂತೆ ಕೂಗುತ್ತಿತ್ತು. ನವೆಂಬರಿನಲ್ಲಿ ನಾನೇ ಹಿಂದಿನ ಹಬ್ ಬಿಚ್ಚಿ, ಚೆನ್ನಾಗಿರಲಿ ಎಂದು ಗಟ್ಟಿ ಗ್ರೀಸ್ ತುಂಬಿ ಮುಚ್ಚಿದ್ದೆ. ಸದ್ದು ನಿಂತಿತು. ರಿಪೇರಿ ಬಂತೆಂದು ಬೀಗಿದ್ದೆ.

“ಫ್ರೀವೀಲಿಗೆ ಯಾರಾದ್ರೂ ಆ ಪಾಟಿ ಗ್ರೀಸ್ ತುಂಬ್ತಾರಾ? ಅದಕ್ಕೆ ಎರಡು ತೊಟ್ಟು ಎಣ್ಣೆ ಸಾಕು. ಅದು ಮಾತಾಡ್ತಿರಬೇಕು ಕಣೋ, ಬಾಯಿ ಮುಚ್ಚಿಸಬಾರದು.”

ಮರುದಿನ ಬಿಚ್ಚಿದೆ. ಹಿಂದಿನ ಚಕ್ರದ ನಡುವೆ ಇರುವ ಗುಂಬದ ಬಲಮಗ್ಗುಲಿಗೆ ಕೂರುವ, ಹಲ್ಲುಚಕ್ರಗಳನ್ನು ಹೊತ್ತ ಕೊಳವೆಯಂಥ ಭಾಗಕ್ಕೆ ಫ್ರೀಹಬ್ ಎನ್ನುತ್ತಾರೆ. ನನ್ನದರಲ್ಲಿ ಅದರ ಒಳತುದಿಗೆ ಹುಣಸೆಬೀಜದಷ್ಟು ದೊಡ್ಡ ಮೂರು ಉಕ್ಕಿನ ತುಂಡುಗಳಿವೆ. ಇಂಗ್ಲಿಷಿನಲ್ಲಿ ಪಾಲ್, ಹಿಂದಿ ಸೀಮೆಯ ಮೆಕ್ಯಾನಿಕ್‌ಗಳ ಬಾಯಲ್ಲಿ ‘ಕುತ್ತಾ’, ಚಿಕ್ಕಪ್ಪನಿಗೆ ಲಾಕ್. ಸಣ್ಣ ಸ್ಪ್ರಿಂಗುಗಳು ಅವನ್ನು ಸದಾ ಹೊರಕ್ಕೆ ದೂಡುತ್ತಿರುತ್ತವೆ. ಮುಂದಕ್ಕೆ ತುಳಿದಾಗ ಅವು ಗುಂಬದೊಳಗಿನ ಹಲ್ಲಿನ ಬಳೆಗೆ ಕಚ್ಚಿಕೊಂಡು ಚಕ್ರವನ್ನು ಎಳೆಯುತ್ತವೆ. ಕಾಲು ನಿಲ್ಲಿಸಿದಾಗ ಹಲ್ಲುಗಳ ಬೆನ್ನಿನ ಮೇಲೆ ಜಾರುತ್ತವೆ. ಟಿಕ್ ಟಿಕ್ ಎಂಬುದು ಆ ಜಾರುವಿಕೆಯ ಸದ್ದು. ಚಳಿಗೆ ನನ್ನ ಗ್ರೀಸ್ ಮೇಣದಂತೆ ಬಿಗಿದು, ಸ್ಪ್ರಿಂಗಿಗೆ ಲಾಕ್‌ಗಳನ್ನು ಎತ್ತಲಾಗಿರಲಿಲ್ಲ. ಎರಡು ಮಲಗಿಯೇ ಇದ್ದವು. ಮೂರನೆಯದು ತುದಿಯಲ್ಲಷ್ಟೇ ಕಚ್ಚಿ, ಎಲ್ಲ ಭಾರವನ್ನೂ ಒಂಟಿಯಾಗಿ ಹೊತ್ತು, ಮೂಗು ಮುರಿದುಕೊಂಡಿತ್ತು.

ನನ್ನ ಸಂಶೋಧನೆ ಯಂತ್ರಗಳ ಚರಿತ್ರೆಯದೇ. ಈವರೆಗೆ ಬರೆದ ಅಧ್ಯಾಯಗಳೆಲ್ಲ ಪೇಟೆಂಟು, ಕಂಪನಿ, ವರ್ಷ ಇವುಗಳ ಮೇಲೆ ನಿಂತಿವೆ. ಮುರಿದ ಆ ಲಾಕನ್ನು ಅಂಗೈಯಲ್ಲಿಟ್ಟುಕೊಂಡಾಗ, ಇದರ ಚರಿತ್ರೆಯನ್ನು ನಾನು ಹೇಗೆ ಬರೆಯುತ್ತಿದ್ದೆ ಎಂದು ಯೋಚಿಸಿದೆ.

ಮೊದಲು ವರ್ಷಗಳನ್ನು ಜೋಡಿಸುತ್ತಿದ್ದೆ. 1817ರಲ್ಲಿ ಮಾನ್‌ಹೈಮ್‌ನ ಕಾರ್ಲ್ ಡ್ರಾಯ್ಸ್ ಎರಡು ಚಕ್ರದ ಓಟದ ಬಂಡಿ ಮಾಡಿದ. ಅದಕ್ಕೆ ಪೆಡಲ್ ಇರಲಿಲ್ಲ, ನೆಲವನ್ನು ಕಾಲಿನಿಂದ ಒದ್ದು ಸಾಗಬೇಕಿತ್ತು. 1860ರ ದಶಕದಲ್ಲಿ ಪ್ಯಾರಿಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲ್ ಬಂದಾಗ ಕಾಲು ಚಕ್ರಕ್ಕೆ ಕಟ್ಟುಬಿತ್ತು. ಚಕ್ರ ತಿರುಗಿದಷ್ಟೂ ಕಾಲು ತಿರುಗಲೇಬೇಕು. ಇಳಿಜಾರಿನಲ್ಲಿ ಪೆಡಲಿನ ವೇಗಕ್ಕೆ ಕಾಲು ಸೋತಾಗ, ದೊಡ್ಡ ಚಕ್ರದ ಸೈಕಲ್ಲಿನವರು ಎರಡೂ ಕಾಲನ್ನು ಹ್ಯಾಂಡಲಿನ ಮೇಲೆ ಚಾಚಿ ದೇವರ ಮೇಲೆ ಭಾರ ಹಾಕುತ್ತಿದ್ದರು. 1869ರಲ್ಲೇ ಅಮೆರಿಕದ ಪೊಕಿಪ್ಸಿ ಎಂಬ ಊರಿನ ವಿಲಿಯಂ ವ್ಯಾನ್ ಆಂಡೆನ್ ಮುಂದಿನ ಚಕ್ರದ ಗುಂಬದೊಳಗೆ ಒಮ್ಮುಖವಾಗಿ ಹಿಡಿಯುವ ಏರ್ಪಾಡೊಂದನ್ನು ಇಟ್ಟ. ಫ್ರೀವೀಲಿನ ಚರಿತ್ರೆ ಅಲ್ಲಿಂದ ಶುರುವಾಗುತ್ತದೆ. ಆದರೆ ಅದು ಜನರ ಕಾಲಿಗೆ ತಲುಪಲು ಸುಮಾರು ಮೂವತ್ತು ವರ್ಷ ಹಿಡಿಯಿತು.

ಯಾಕೆ? ಕಟ್ಟುಬಿದ್ದ ಕಾಲೇ ಬ್ರೇಕೂ ಆಗಿತ್ತು. ಪೆಡಲನ್ನು ತಡೆದು ಹಿಡಿದರೆ ಚಕ್ರ ನಿಧಾನವಾಗುತ್ತಿತ್ತು. ಕಾಲಿಗೆ ಬಿಡುವು ಕೊಟ್ಟರೆ ನಿಲ್ಲಿಸುವ ಕೆಲಸಕ್ಕೆ ಬೇರೊಬ್ಬರನ್ನು ನೇಮಿಸಬೇಕಾಗಿತ್ತು. ಈ ಎರಡನ್ನೂ ಒಂದೇ ಗುಂಬದಲ್ಲಿ ಅಚ್ಚುಕಟ್ಟಾಗಿ ಕೂರಿಸಿ ಮನೆಮನೆಗೆ ಮುಟ್ಟಿಸಿದ್ದು, ನಾನಿರುವ ಊರಿನಿಂದ ರೈಲಿನಲ್ಲಿ ಅರ್ಧ ಮುಕ್ಕಾಲು ಗಂಟೆ ದೂರದ ಷ್ವೈನ್‌ಫುರ್ಟ್. 1883ರಲ್ಲಿ ಆ ಊರಿನ ಫ್ರೀಡ್ರಿಖ್ ಫಿಷರ್, ಉಕ್ಕಿನ ಗುಂಡುಗಳನ್ನು ಒಂದೇ ಅಳತೆಗೆ ಉಜ್ಜುವ ಯಂತ್ರ ಮಾಡಿದ. 1895ರಲ್ಲಿ ಅಲ್ಲೇ ಎರ್ನ್ಸ್ಟ್ ಸಾಕ್ಸ್ ಮತ್ತು ಕಾರ್ಲ್ ಫಿಖ್ಟೆಲ್ ಸೇರಿ ಕಾರ್ಖಾನೆ ತೆರೆದರು. ಸಾಕ್ಸ್ ತಾನೇ ಸೈಕಲ್ ರೇಸುಗಳಲ್ಲಿ ಓಡಿಸಿದ್ದವನು. 1903ರಲ್ಲಿ ಅವರ ‘ಟಾರ್ಪಿಡೊ’ ಹಬ್ ಬಂತು. ಮುಂದಕ್ಕೆ ತುಳಿದರೆ ಓಟ, ಕಾಲು ನಿಲ್ಲಿಸಿದರೆ ವಿಶ್ರಾಂತಿ, ಹಿಂದಕ್ಕೆ ತುಳಿದರೆ ಬ್ರೇಕ್.

ಅದೇ 1903ರಲ್ಲಿ ಫ್ರಾನ್ಸಿನಲ್ಲಿ ಮೊದಲ ಟೂರ್ ಡಿ ಫ್ರಾನ್ಸ್ ನಡೆಯಿತು. ಅದನ್ನು ಕಟ್ಟಿದ ಆನ್ರಿ ದೆಗ್ರಾಂಜ್‌ಗೆ ಕಾಲಿನ ಕಷ್ಟ ಕಡಿಮೆ ಮಾಡುವ ಏರ್ಪಾಡುಗಳೆಂದರೆ ಆಗದು. ಗೇರು ಬದಲಿಸುವ ಸೌಲಭ್ಯ ನಲವತ್ತೈದು ದಾಟಿದವರಿಗೆ ಇರಲಿ ಎಂಬುದು ಅವನ ನಿಲುವು. ಓಡುತ್ತಲೇ ಗೇರು ಬದಲಿಸುವ ಡಿರೇಲರ್‌ಗೆ ಆ ಪಂದ್ಯದಲ್ಲಿ ಒಪ್ಪಿಗೆ ಸಿಕ್ಕಿದ್ದು 1937ರಲ್ಲಿ. ದಣಿವನ್ನೇ ಗುಣವೆಂದು ಹೊಗಳುವವರು ಸಾಮಾನ್ಯವಾಗಿ ದಣಿಯುವ ಜಾಗದಲ್ಲಿ ಇರುವುದಿಲ್ಲ. ಹೊಲಕ್ಕೋ ಮಿಲ್ಲಿಗೋ ಸೈಕಲ್ ತುಳಿದು ಹೋಗುವವರಿಗೆ ಇಳಿಜಾರಿನಲ್ಲಿ ಕಾಲು ನಿಲ್ಲಿಸುವುದು ಸೋಮಾರಿತನವಲ್ಲ, ಮುಂದಿನ ಏರಿಗೆ ಉಸಿರು.

ಇಷ್ಟು ಬರೆದು ನಿಲ್ಲಿಸಿದ್ದರೆ ಅದು ನನ್ನ ಹಳೆಯ ಅಧ್ಯಾಯಗಳಂತೆಯೇ ಇರುತ್ತಿತ್ತು. ಆದರೆ ಷ್ವೈನ್‌ಫುರ್ಟ್‌ನ ಕತೆ 1903ರಲ್ಲಿ ಮುಗಿಯುವುದಿಲ್ಲ. ಸೈಕಲ್ಲಿಗಾಗಿ ಉಜ್ಜಿದ ಗುಂಡುಗಳು ಮುಂದೆ ವಿಮಾನ, ಟ್ಯಾಂಕುಗಳಿಗೂ ಬೇಕಾದವು. ಎರಡನೇ ಮಹಾಯುದ್ಧದಲ್ಲಿ ಆ ಊರನ್ನು ಮುರಿದರೆ ಜರ್ಮನಿಯ ಯಂತ್ರಗಳೆಲ್ಲ ನಿಲ್ಲುತ್ತವೆಂದು ಅಮೆರಿಕದ ವಾಯುಪಡೆ ಲೆಕ್ಕ ಹಾಕಿತು. 1943ರ ಆಗಸ್ಟ್ 17ರಂದು, ಮತ್ತೆ ಅಕ್ಟೋಬರ್ 14ರಂದು ಬಾಂಬುಗಳು ಬಿದ್ದವು. ಅಕ್ಟೋಬರಿನ ಆ ಒಂದೇ ದಿನ 60 ಬಾಂಬರ್ ವಿಮಾನಗಳು ಮರಳಲಿಲ್ಲ. ಇಷ್ಟಾದರೂ ಗುಂಡುಗಳ ತಯಾರಿಕೆ ನಿಲ್ಲಲಿಲ್ಲ. ಸೂರು ಕುಸಿದರೂ ಅನೇಕ ಯಂತ್ರಗಳು ಉಳಿದಿದ್ದವು. ಅವನ್ನು ಅವಶೇಷಗಳಡಿಯಿಂದ ಎತ್ತಿ, ಒರೆಸಿ, ರಿಪೇರಿ ಮಾಡಿ, ಬೇರೆ ಬೇರೆ ಊರುಗಳಿಗೆ ಹಂಚಿ ಮತ್ತೆ ಓಡಿಸಿದರು. ಆ ಕಾರ್ಖಾನೆಗಳಲ್ಲಿ ದುಡಿದವರಲ್ಲಿ ಆಕ್ರಮಿತ ದೇಶಗಳಿಂದ ಬಲವಂತವಾಗಿ ಎಳೆತಂದ ಸಾವಿರಾರು ಜನರಿದ್ದರು. ಫ್ರೀವೀಲ್ ಯಾರದೋ ಕಾಲಿಗೆ ಬಿಡುವು ಕೊಟ್ಟ ವಸ್ತು ನಿಜ. ಅದನ್ನು ಮನೆಮನೆಗೆ ಮುಟ್ಟಿಸಿದ ಊರಿನಲ್ಲೇ ಬಿಡುವೆಂಬುದೇ ಇಲ್ಲದ ಕೈಗಳಿದ್ದವು ಎಂಬುದೂ ಅಷ್ಟೇ ನಿಜ. ರಿಪೇರಿಯನ್ನು ಬರೀ ಹೊಗಳಿಕೆಯಿಂದ ನೋಡಬಾರದೆಂದು ನನಗೆ ಕಲಿಸಿದ ಊರು ಅದು. ಏನನ್ನು ಓಡುವಂತೆ ಇಡುತ್ತಿದ್ದೇವೆ, ಯಾರಿಂದ ಮಾಡಿಸುತ್ತಿದ್ದೇವೆ ಎಂದೂ ಕೇಳಬೇಕು.

ಯುದ್ಧ ಮುಗಿದು ಮೂರು ದಶಕಗಳ ಬಳಿಕ, ಕ್ಯಾಲಿಫೋರ್ನಿಯಾದ ಮರೀನ್ ಕೌಂಟಿಯಲ್ಲಿ ಕೆಲವು ಯುವಕರು ಹಳೆಯ ದಪ್ಪ ಟೈರಿನ ಸೈಕಲ್ಲುಗಳನ್ನು ಹಿಡಿದು ಕಾಡುದಾರಿಯ ಇಳಿಜಾರಿನಲ್ಲಿ ಪಂದ್ಯ ಕಟ್ಟಿದರು. ಮೌಂಟನ್ ಬೈಕಿನ ಚರಿತ್ರೆ ಅಲ್ಲಿಂದ ಶುರು. ಮೊದಲ ಪಂದ್ಯ 1976ರ ಅಕ್ಟೋಬರ್ 21ರಂದು. ಆ ಸೈಕಲ್ಲುಗಳಲ್ಲಿದ್ದದ್ದು ಹಿಂದಕ್ಕೆ ತುಳಿದು ನಿಲ್ಲಿಸುವ, ಟಾರ್ಪಿಡೊದ ಜಾತಿಯ ಹಬ್‌ಗಳು. ಕೆಳಗೆ ತಲುಪುವಷ್ಟರಲ್ಲಿ ಬಿಸಿಗೆ ಒಳಗಿನ ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿತ್ತು. ಮತ್ತೆ ಇಳಿಯಬೇಕಾದರೆ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಹಾಗಾಗಿ ಆ ದಾರಿಗೂ ಪಂದ್ಯಕ್ಕೂ ‘ರೀಪ್ಯಾಕ್’ ಎಂದೇ ಹೆಸರಾಯಿತು. ರಿಪೇರಿಯ ಕೆಲಸವೊಂದು ಚರಿತ್ರೆಯಲ್ಲಿ ತನ್ನ ಹೆಸರು ಉಳಿಸಿಕೊಂಡದ್ದು ಅಪರೂಪ. ಅದನ್ನು ಓದಿದಾಗ ನನಗೆ ಸಂತೋಷವಾಯಿತು.

ನನ್ನ ಕೈಯಲ್ಲಿದ್ದ ಫ್ರೀಹಬ್ ರೂಪ ಮಾತ್ರ ಜಪಾನಿನದು. ಕತ್ತಿ, ಚಾಕುಗಳ ಕಮ್ಮಾರಿಕೆಗೆ ಹೆಸರಾದ ಸಕಾಯ್ ಪಟ್ಟಣದಲ್ಲಿ 1921ರಲ್ಲಿ ಷೋಜಾಬುರೊ ಶಿಮಾನೊ ಕಾರ್ಖಾನೆ ತೆರೆದ. ಅವನ ಮೊದಲ ಸರಕೇ ಫ್ರೀವೀಲ್. ನಮ್ಮ ಕಪ್ಪು ಸೈಕಲ್ಲುಗಳಲ್ಲಿ ಇಂದಿಗೂ ಇರುವಂತೆ, ಹಳೆಯ ಫ್ರೀವೀಲನ್ನು ಗುಂಬದ ಮೇಲಿನ ಮರೆಗೆ ತಿರುಗಿಸಿ ಬಿಗಿಯುತ್ತಾರೆ. ಅದರ ಮೇಲೆ ಹಲ್ಲುಚಕ್ರಗಳ ಸಂಖ್ಯೆ ಐದು, ಆರು, ಏಳು ಎಂದು ಏರಿದಂತೆ, ಬಲಗಡೆಯ ಬೇರಿಂಗ್ ಒಳಗೇ ಉಳಿದು, ಅಚ್ಚಿನ ಹೊರತುದಿ ಆಸರೆಯಿಲ್ಲದೆ ಬಾಗತೊಡಗಿತು. 1978ರಲ್ಲಿ ಶಿಮಾನೊ ಕಂಪನಿ ಲಾಕಿನ ಭಾಗವನ್ನು ಗುಂಬಕ್ಕೇ ಸೇರಿಸಿ, ಬೇರಿಂಗನ್ನು ಹೊರಕ್ಕೆ ತಂದು, ಹಲ್ಲುಚಕ್ರಗಳನ್ನು ಮಾತ್ರ ಬಿಡಿಯಾಗಿ ಜಾರಿಸಿ ಕೂರಿಸುವ ಹಬ್ಬನ್ನು ಮಾರುಕಟ್ಟೆಗೆ ತಂದಿತು. ಅಚ್ಚು ಗಟ್ಟಿಯಾಯಿತು. ಸವೆದದ್ದನ್ನಷ್ಟೇ ಬದಲಿಸುವುದೂ ಸುಲಭವಾಯಿತು.

ಆಮೇಲೆ ಮೋಟರ್ ಬಂತು. 1993ರಲ್ಲಿ ಯಮಾಹಾ, ತುಳಿಯುವ ಕಾಲಿಗೆ ಮೋಟರಿನ ನೆರವು ಸೇರಿಸುವ ಸೈಕಲ್ಲನ್ನು ಜಪಾನಿನಲ್ಲಿ ಮಾರಾಟಕ್ಕಿಟ್ಟಿತು. ನನ್ನ ಸೈಕಲ್ಲಿನ ಮೋಟರೂ ಪೆಡಲಿನ ಬಳಿಯೇ ಇದೆ, ಅದರ ಬಲವೂ ಅದೇ ಚೈನಿನಿಂದಲೇ ಹಿಂದಕ್ಕೆ ಹೋಗುತ್ತದೆ. ಒಂದು ಕಾಗದದಲ್ಲಿ ಲೆಕ್ಕ ಹಾಕಿದೆ. 65 ಕೆಜಿಯ ನಾನು 17 ಸೆಂಟಿಮೀಟರಿನ ಪೆಡಲ್ ಕಡ್ಡಿಯ ಮೇಲೆ ಎದ್ದು ನಿಂತರೆ ತಿರುಗುಬಲ ಸುಮಾರು 108 ನ್ಯೂಟನ್ ಮೀಟರ್. ಮೋಟರಿನದು 85. ಮುಂದಿನ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ಅತಿ ದೊಡ್ಡದಕ್ಕೆ 51, ಅಂದರೆ ಹಿಂದೆ ಆ ಬಲ ಒಂದೂವರೆ ಪಟ್ಟು. ಒಟ್ಟು ಸುಮಾರು 290. ಮೂರು ಹುಣಸೆಬೀಜಗಳ ಮೇಲೆ! ಅದರಲ್ಲಿ ಎರಡನ್ನು ನಾನೇ ಗ್ರೀಸಿನಲ್ಲಿ ಮಲಗಿಸಿದ್ದೆ.

ಗುಂಬದೊಳಗಿನ ಹಲ್ಲಿನ ಬಳೆಗೆ ಟಾರ್ಚ್ ಬಿಟ್ಟು, ಉಗುರಿನಿಂದ ಒಂದೊಂದೇ ಹಲ್ಲು ಮುಟ್ಟಿ ನೋಡಿದೆ. ಅದೃಷ್ಟಕ್ಕೆ ಸರಿಯಿತ್ತು. ಅದು ಸವೆದಿದ್ದರೆ ಹೊಸ ಫ್ರೀಹಬ್ ಹಾಕಿಯೂ ಪ್ರಯೋಜನವಿರಲಿಲ್ಲ. ಹಬ್ಬಿನ ಮೇಲಿನ ಗುರುತು ನೋಡಿ ಅದಕ್ಕೇ ಹೊಂದುವ ಫ್ರೀಹಬ್ ತರಿಸಿದೆ. ಹೊರಗಿನಿಂದ ಒಂದೇ ತರ ಕಂಡರೂ ಇವು ಒಂದಕ್ಕೊಂದು ಕೂರುವುದಿಲ್ಲ. ಹಳೆಯ ಗ್ರೀಸನ್ನೆಲ್ಲ ಒರೆಸಿ, ಲಾಕ್‌ಗಳ ಬುಡಕ್ಕೆ ತೆಳ್ಳನೆಯ ಎಣ್ಣೆ ಮುಟ್ಟಿಸಿ, ಮೂರನ್ನೂ ಬೆರಳಿನಿಂದ ಒತ್ತಿ ಬಿಟ್ಟೆ. ಮೂರೂ ಒಟ್ಟಿಗೆ ಎದ್ದವು. ಚಿಕ್ಕಪ್ಪ ವಿಡಿಯೊ ಕಾಲಿನಲ್ಲಿ ನೋಡುತ್ತಿದ್ದರು.

“ಈಗ ತಿರುಗ್ಸು,” ಎಂದರು. ತಿರುಗಿಸಿದೆ. ಟಿಕ್ ಟಿಕ್ ಟಿಕ್ ಟಿಕ್. ಫೋನಿನ ಆ ಕಡೆ ಅವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. “ಮೂರೂ ಬೀಳ್ತಿದೆ. ಸರಿಯಾಯ್ತು.”

“ಚಿಕ್ಕಪ್ಪ, ನೀವು ಎಷ್ಟು ಫ್ರೀವೀಲ್ ಬಿಚ್ಚಿರಬಹುದು?”

“ಅದನ್ನೆಲ್ಲ ಯಾರು ಬರೆದಿಡ್ತಾರೆ ಮಗಾ!”

ಅವರ ಶಾಪ್ ಮುಚ್ಚಿ ಒಂಬತ್ತು ವರ್ಷವಾಯಿತು. ಆ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ. ವ್ಯಾನ್ ಆಂಡೆನ್‌ಗೆ 1869 ಇದೆ, ಟಾರ್ಪಿಡೊಗೆ 1903 ಇದೆ, ಶಿಮಾನೊಗೆ 1978 ಇದೆ. ಕಿವಿಯಿಂದಲೇ ಲಾಕ್ ಎಣಿಸುವ ವಿದ್ಯೆಗೆ ಯಾವ ವರ್ಷವೂ ಇಲ್ಲ. ಹೊಸದು ಬಂದ ದಿನವನ್ನು ನಾವು ಬರೆದಿಡುತ್ತೇವೆ, ಬಂದದ್ದು ಕೆಡದಂತೆ ನೋಡಿಕೊಂಡ ದಿನಗಳನ್ನು ಬರೆದಿಡುವುದಿಲ್ಲ. ಆ ದಿನಗಳೇ ಹೆಚ್ಚು. ಯಂತ್ರಗಳು ಬದುಕಿದ್ದೂ ಅವುಗಳಿಂದಲೇ.

ನನ್ನ ಪ್ರಬಂಧದ ಮೂರನೆಯ ಅಧ್ಯಾಯವನ್ನು ಮತ್ತೆ ಬಿಚ್ಚಿದ್ದೇನೆ. ಪ್ರತಿ ಭಾನುವಾರ ಸಂಜೆ ಚಿಕ್ಕಪ್ಪನಿಗೆ ಫೋನ್ ಮಾಡಿ, ಅವರ ಒಪ್ಪಿಗೆ ಪಡೆದು, ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೇನೆ. ಮೊನ್ನೆಯ ಕಡತಕ್ಕೆ ಹೆಸರು ಕೊಡುವಾಗ ದಿನಾಂಕ ಹಾಕಿ, ಪಕ್ಕದಲ್ಲಿ ‘ಎರಡು ತೊಟ್ಟು ಎಣ್ಣೆ’ ಎಂದು ಬರೆದೆ.